ಅರಿಕೆ ಯಾರು ಯಾರ ಮುಂದ ಮಾಡಬೇಕು?

ನಮ್ಮ ಓಣಿಗಳಲ್ಲಿ ಬಹಳ ಮಂದಿಗೆ ಎರಡೆರಡು ಹೆಸರು. ದೀಕ್ಷಾಸ್ನಾನದ ದಿನ ಪಾದ್ರಿಯವರು ಸಭೆಯ ರಿಜಿಸ್ಟರಿನಲ್ಲಿ ಬರೆದದ್ದು ಒಂದು, ಕನ್ನಡ ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದು ಇನ್ನೊಂದು. ಅಲ್ಲಿ ಯೋಹಾನ, ಇಲ್ಲಿ ಯಲ್ಲಪ್ಪ. ಅಲ್ಲಿ ಮಾರ್ಥಾ, ಇಲ್ಲಿ ಮಾಯವ್ವ. ರವಿವಾರ ಒಂದು ಹೆಸರಿಗೆ ಓ ಅನ್ನುತ್ತೇವೆ, ಸೋಮವಾರ ಇನ್ನೊಂದಕ್ಕೆ. ಜಾತಿಯ ಕಾಲಮ್ಮಿನಲ್ಲಿ ಹಿಂದೂ ಹೊಲೆಯ, ಹಿಂದೂ ಮಾದಿಗ, ಹಿಂದೂ ಸಮಗಾರ. ಮನೆಯ ಗೋಡೆಯ ಮೇಲೆ ಶಿಲುಬೆ, ಅದರ ಬಾಜೂಕ ಬಾಬಾಸಾಹೇಬರ ಫೋಟೋ. ಯಾರಾದರೂ ಚೌಕಶಿಗೆ ಬರುತ್ತಾರೆಂದರೆ ಶಿಲುಬೆ ಇಳಿದು ಟ್ರಂಕು ಸೇರುತ್ತದೆ, ಬಾಬಾಸಾಹೇಬರು ಉಳಿಯುತ್ತಾರೆ.

ಇದೇನು ಗುಟ್ಟಿನ ಸಂಗತಿಯಲ್ಲ. ಪಾದ್ರಿಗೆ ಗೊತ್ತು, ಮಾಸ್ತರರಿಗೆ ಗೊತ್ತು, ತಲಾಟಿಗೆ ಗೊತ್ತು, ಊರ ಗೌಡನಿಗಂತೂ ನಮಗಿಂತ ಮೊದಲು ಗೊತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ — ಘಟಪ್ರಭೆ ಹಿರಣ್ಯಕೇಶಿಯ ನೀರು ಕುಡಿಯುವ ಈ ಮೂರೂ ತಾಲೂಕಿನ ಹಳ್ಳಿಗಳಲ್ಲಿ ನಮ್ಮಂಥವರ ಮನೆಗಳಿವೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ನಾವಿದ್ದೇವೆ. ಅಂಗನವಾಡಿಯಲ್ಲಿ, ಸರಕಾರಿ ಸಾಲೆಯಲ್ಲಿ, ಗ್ರಾಮ ಪಂಚಾಯ್ತಿಯಲ್ಲಿ ನಾವಿದ್ದೇವೆ. ಎಲ್ಲರಿಗೂ ಗೊತ್ತಿರುವ ಈ ಸಂಗತಿ ಗೊತ್ತಿಲ್ಲದವರ ಹಾಗೆ ಕೂತಿರುವುದು ಕಾಯ್ದೆ ಒಂದೇ.

ಇಂಥ ಕಡೆ ಕ್ರಿಸ್ತನ ಮೇಲಿನ ನಂಬಿಗೆಯನ್ನು ಪ್ರಾಮಾಣಿಕವಾಗಿ ಬಾಳುವುದೆಂದರೆ ಏನು? ಸುಳ್ಳು ಹೇಳಬೇಡ ಅನ್ನುವ ಧರ್ಮ ನಮ್ಮದು. ನಾವು ಓದುವ ಪುಸ್ತಕದ ಹೆಸರೇ ಸತ್ಯವೇದ. ಆ ಸತ್ಯವೇದವನ್ನೇ ಅಕ್ಕಿ ಡಬ್ಬಿಯೊಳಗೆ ಬಚ್ಚಿಡಬೇಕಾದ ಸ್ಥಿತಿಯನ್ನು ಯಾವ ಮಾತಿನಲ್ಲಿ ಹೇಳೋಣ?

ಕರ್ತನ ಭೋಜನದ ದಿನ ನಮ್ಮ ಸಭೆಗಳಲ್ಲಿ ಎಲ್ಲರೂ ಮೊಣಕಾಲೂರಿ ಒಂದೇ ದನಿಯಲ್ಲಿ ಪಾಪದ ಅರಿಕೆ ಹೇಳುತ್ತೇವೆ. ಅಲ್ಲಿ 'ನಾನು' ಇಲ್ಲ, 'ನಾವು' ಇದೆ. ಇನ್ನು 'ಅರಿಕೆ' ಅನ್ನುವ ಮಾತನ್ನೇ ನೋಡಿ. ಕನ್ನಡ ಸತ್ಯವೇದದಲ್ಲಿ ಪಾಪ ಒಪ್ಪಿಕೊಳ್ಳುವುದಕ್ಕೆ ಇರುವ ಮಾತು ಇದೇ. ಹೊಲಗೇರಿಗೆ ಈ ಮಾತನ್ನು ಯಾರೂ ಹೊರಗಿನಿಂದ ತರಬೇಕಾಗಿರಲಿಲ್ಲ. ಗೌಡರ ವಾಡೆಯ ಮುಂದೆ ಚಪ್ಪಲಿ ಕಳಚಿ, ಟವೆಲ್ಲು ಕಂಕುಳಿಗೆ ಇರುಕಿ, "ಒಂದ್ ಅರಿಕಿ ಐತ್ರೀ ಎಪ್ಪಾ" ಅಂತ ನಮ್ಮ ಮುತ್ತ್ಯಾಗಳು ನಿಂತ ನಿಲುವೇ ಅರಿಕೆಯ ನಿಲುವು. ಕೆಳಗಿನವನು ಮೇಲಿನವನಿಗೆ ಹೇಳುವುದು ಅರಿಕೆ. ಮೇಲಿನವನು ಕೆಳಗಿನವನಿಗೆ ಹೇಳಿದರೆ ಅದು ಅಪ್ಪಣೆ. ಈ ನಾಡಿನಲ್ಲಿ ತಪ್ಪು ಮಾಡಿದವನು ಯಾರೇ ಆಗಿರಲಿ, ಅರಿಕೆ ಮಾಡಿದವರು ಮಾತ್ರ ಯಾವಾಗಲೂ ನಾವೇ. ನಮ್ಮ ಪ್ರಶ್ನೆ ಶುರುವಾಗುವುದು ಇಲ್ಲಿಂದ.

ನಮ್ಮ ಹಿರಿಯರು ಆ ಕಡೆ ಯಾಕೆ ಹೋದರು? "ಗಂಜಿಗೆ ಹೋದ್ರು, ಹಾಲಿನ ಪುಡಿಗೆ ಹೋದ್ರು" ಅನ್ನುವ ಮಾತು ಚಹಾದಂಗಡಿಯಲ್ಲಿ ಇವತ್ತಿಗೂ ಪುಕ್ಕಟೆ ಸಿಗುತ್ತದೆ. ಬೆಳಗಾವಿಗೆ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮುಂತಾದವರು ಕೂತು ಸತ್ಯವೇದವನ್ನು ಕನ್ನಡಕ್ಕೆ ತರುತ್ತಿದ್ದ ಕಾಲ ಅದು. 1904ರಲ್ಲಿ ಲಂಡನ್ ಮಿಶನ್ನು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿ ಹೋಯಿತು. ಹೊಲಗೇರಿ ಮಾದಿಗೇರಿಗಳಿಂದ ಕುಟುಂಬಕ್ಕೆ ಕುಟುಂಬವೇ ಎದ್ದು ಬಂದದ್ದು ಹೆಚ್ಚಾಗಿ ಆಮೇಲಿನ ಮಾತು. ಬರೀ ಗಂಜಿಯೇ ಬೇಕಾಗಿದ್ದರೆ ಅಮೆರಿಕದವರ ತನಕ ಯಾಕೆ ಹೋಗಬೇಕಿತ್ತು? ಗೌಡನ ಮನೆಯ ಗಂಜಿ ಹತ್ತಿರವೇ ಇತ್ತು. ಅದಕ್ಕೆ ತೆರಬೇಕಾದ ಬೆಲೆಯೂ ಗೊತ್ತಿತ್ತು. ಆ ಬೆಲೆ ಬೇಡವಾಗಿತ್ತು.

ನಮ್ಮ ಅಜ್ಜಿಯರು ಹೇಳುತ್ತಿದ್ದ ಕಾರಣಗಳು ಬಹಳ ಸಣ್ಣವು. "ಅಂವಾ ನಮ್ಮ ಚಾಪಿ ಮ್ಯಾಲ ಕುಂತಾ. ನಮ್ಮ ಚರಿಗ್ಯಾಗಿನ ನೀರು ಕುಡದಾ." ಇಷ್ಟೇ. ಇಷ್ಟನ್ನು ಸಾವಿರಾರು ವರ್ಷದಲ್ಲಿ ಯಾವ ದೇವರ ಮನುಷ್ಯನೂ ಮಾಡಿರಲಿಲ್ಲ. ಅದರ ಜೊತೆಗೆ ಕೇಳಿದ್ದೂ ಇತ್ತು. ಸತ್ತ ದನದ ಮಾಂಸ ಬಿಡು, ಶೆರೆ ಬಿಡು, ಮಗಳಿಗೆ ಮುತ್ತು ಕಟ್ಟಿಸಬ್ಯಾಡ. ಸವದತ್ತಿಯ ಗುಡ್ಡ ನಮ್ಮ ಹಳ್ಳಿಗಳಿಗೆ ದೂರವಲ್ಲ. ಮನೆಗೊಬ್ಬ ಹುಡುಗಿಯನ್ನು ಎಲ್ಲಮ್ಮನ ಹೆಸರಿನಲ್ಲಿ ಊರ ದೊಡ್ಡವರ ಹಾಸಿಗೆಗೆ ಬಿಡುವ ಪದ್ಧತಿಯನ್ನು ನಮ್ಮ ರಾಜ್ಯದ ಕಾಯ್ದೆ ನಿಷೇಧಿಸಿದ್ದು 1982ರಲ್ಲಿ. ಅದಕ್ಕೂ ಎಷ್ಟೋ ಮೊದಲು ಒಂದು ಗುಡಿಸಲಿನಲ್ಲಿ ಒಬ್ಬ ತಾಯಿ "ನನ್ನ ಮಗಳನ್ನ ಬಿಡಾಂಗಿಲ್ಲ" ಅಂದಳು. ನಂಬಿಗೆಯ ಅರಿಕೆ ಅಂದರೆ ಇದು. ಅವಳು ಬಾಯಿಪಾಠ ಒಪ್ಪಿಸಲಿಲ್ಲ. ಊರ ದೊಡ್ಡವರ ಎದುರು 'ಇಲ್ಲ' ಅಂದಳು. ಅವಳ ಮಟ್ಟಿಗೆ ಯೇಸು ಅಂದರೆ ಆ 'ಇಲ್ಲ'.

ಈಗ ಕಾಯ್ದೆಗೆ ಬರೋಣ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಅದರ 3ನೆಯ ಪ್ಯಾರಾದ ಪ್ರಕಾರ ಹಿಂದೂ ಧರ್ಮದವನಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಮಂದಿಯೊಡನೆ ಬೌದ್ಧರಾದರು. ಆ ಬೌದ್ಧರಿಗೆ ಈ ಹಕ್ಕು ಸಿಗಲು 1990ರ ತನಕ, 34 ವರ್ಷ ಬೇಕಾಯಿತು. ಕ್ರೈಸ್ತರಾದ, ಮುಸಲ್ಮಾನರಾದ ಅಸ್ಪೃಶ್ಯರಿಗೆ ಬಾಗಿಲು ತೆರೆಯಲೇ ಇಲ್ಲ. ನಮ್ಮ ರಾಜ್ಯದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಆ ಪ್ರವರ್ಗದ ಎಲ್ಲರಿಗೂ ಸೇರಿ ಇರುವುದು ಶೇಕಡಾ 4. ಮೀಸಲು ಕ್ಷೇತ್ರದಲ್ಲಿ ನಿಲ್ಲುವ ಹಕ್ಕು ಅದರೊಡನೆ ಬರುವುದಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಬರುವುದಿಲ್ಲ. ಆಂಧ್ರದಲ್ಲಿ ಒಬ್ಬ ಪಾದ್ರಿ ತನ್ನ ಮೇಲಿನ ಜಾತಿ ನಿಂದನೆ, ಹಲ್ಲೆಯ ಬಗ್ಗೆ ಆ ಕಾಯ್ದೆಯಡಿ ದೂರು ಕೊಟ್ಟಾಗ, ನೀನು ಕ್ರೈಸ್ತ, ಈ ಕಾಯ್ದೆ ನಿನಗಲ್ಲ ಎಂದು ಅಲ್ಲಿಯ ಹೈಕೋರ್ಟು 2025ರಲ್ಲಿ ಹೇಳಿತು. ಬೈದವನು ಅವನ ಜಾತಿ ನೋಡಿದ್ದ, ಕೋರ್ಟು ಅವನ ಧರ್ಮ ನೋಡಿತು.

ಮದರಾಸಿನ ಸೂಸೈಯನ್ನು ನಾವು ಮರೆಯಬಾರದು. ರಸ್ತೆಯ ಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದವನು. ಹೀಗೆ ಕೂತು ದುಡಿಯುವ ಪರಿಶಿಷ್ಟ ಜಾತಿಯವರಿಗೆ ಸರಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಸೂಸೈಗೆ ಕೊಡಲಿಲ್ಲ, ಯಾಕೆಂದರೆ ಅವನು ಕ್ರೈಸ್ತ. ಅದೇ ರಸ್ತೆ, ಅದೇ ತೊಗಲು, ಅದೇ ಬಿಸಿಲು. ಸುಪ್ರೀಂ ಕೋರ್ಟು 1985ರಲ್ಲಿ, ಕ್ರೈಸ್ತನಾದ ಮೇಲೂ ಅಸ್ಪೃಶ್ಯತೆ ಅಷ್ಟೇ ತೀವ್ರವಾಗಿ ಇದೆಯೆಂದು ತೋರಿಸಿಲ್ಲ ಎಂದು ಅವನ ಅರ್ಜಿಯನ್ನು ತಳ್ಳಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ 3ನೆಯ ಪ್ಯಾರಾವನ್ನು ತೆಗೆದುಹಾಕಿ ಎಂದಿತು. ಆ ವರದಿ ಕಪಾಟು ಸೇರಿತು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ 20 ವರ್ಷ ತುಂಬಿದಾಗಲೂ ತೀರ್ಪು ಕಂಡಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಬಾಲಕೃಷ್ಣನ್ ಆಯೋಗ ನೇಮಿಸಿ 2 ವರ್ಷದ ಗಡುವು ಕೊಟ್ಟರು. ಗಡುವು ಬಂತು, ಮುಂದಕ್ಕೆ ಹೋಯಿತು. ಆಯೋಗಗಳು ಹುಟ್ಟುತ್ತವೆ, ನಮ್ಮ ಮಕ್ಕಳ ವಯಸ್ಸು ಮೀರುತ್ತದೆ.

2024ರ ನವೆಂಬರ್ 26, ಸಂವಿಧಾನದ ದಿನ. ಪುದುಚೇರಿಯ ಒಬ್ಬ ಹೆಣ್ಣುಮಗಳು ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಕೇಳಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಚರ್ಚಿಗೆ ಹೋಗುತ್ತ, ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ. ಈ ತೀರ್ಪಿನ ಸುದ್ದಿ ಬಂದ ದಿನ ನಮ್ಮ ಓಣಿಗಳಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. 'ಮೋಸ' ಅನ್ನುವ ಮಾತು ಎದೆಗೆ ನಟ್ಟಿತು. ಸಭೆಯಲ್ಲಿ ಕೇಳಿದ 'ಪಾಪ'ಕ್ಕಿಂತ ಅದು ಭಾರವಾಗಿತ್ತು.

ಆ ವಾರ ನಮ್ಮವರಲ್ಲಿ ಮೂರು ಮಾತು ಕೇಳಿದೆವು. ಗೋಕಾಕ ಕಡೆಯ ಒಬ್ಬ ಹಿರಿಯ ಉಪದೇಶಿ ಹೇಳಿದರು: "ಎರಡು ದೋಣಿಯೊಳಗ ಕಾಲಿಡಬ್ಯಾಡ್ರಿ. ಕರ್ತನ್ನ ಒಪ್ಪೀರಿ, ಸರ್ಟಿಫಿಕೇಟು ಬಿಡ್ರಿ." ಅವರ ಮಾತಿಗೆ ತೂಕವಿದೆ, ಯಾಕೆಂದರೆ ಅವರು ಬಿಟ್ಟವರು. ಆಯುಷ್ಯಪೂರ್ತಿ ಸೈಕಲ್ಲು ತುಳಿದು ಹಳ್ಳಿ ತಿರುಗಿದವರು, ಮಣ್ಣಿನ ಮನೆಯಲ್ಲೇ ಉಳಿದವರು.

ಹುಕ್ಕೇರಿ ಕಡೆಯ ಒಬ್ಬ ತಾಯಿ ಹೇಳಿದಳು: "ಯಪ್ಪಾ, ನನ್ನ ಮಗಾ ಹಾಸ್ಟೆಲಿನ್ಯಾಗ ಅದಾನ. ಸರ್ಟಿಫಿಕೇಟು ಇರದಿದ್ರ ನಾಳೆ ಕಬ್ಬಿನ ಗ್ಯಾಂಗಿನ್ಯಾಗ ಇರ್ತಾನ. ದೇವ್ರು ನನ್ನ ಕೇಳಿದ್ರ ನಾನೂ ದೇವ್ರನ್ನ ಕೇಳ್ತೀನಿ — ಆ ಕಾಯ್ದೆ ಬರದವ್ರನ್ನ ಮೊದ್ಲ ಕೇಳಿದೇನು ಅಂತ." ಈ ಮಾತಿಗೂ ತೂಕವಿದೆ.

ಮೂಡಲಗಿ ಕಡೆಯ ಒಬ್ಬ ಹುಡುಗಿ, ಓದಿದವಳು, ಅರ್ಜಿ ತುಂಬುವಾಗ ಧರ್ಮ ಕ್ರೈಸ್ತ ಎಂದೇ ಬರೆದಳು. ಪರಿಶಿಷ್ಟ ಜಾತಿಯ ಸೀಟು ಹೋಯಿತು. ಈಗ ಖಾಸಗಿ ಸಾಲೆಯಲ್ಲಿ ಸಣ್ಣ ಪಗಾರಕ್ಕೆ ಅಕ್ಕೋರು. ಅವಳನ್ನು ಪಶ್ಚಾತ್ತಾಪ ಇದೆಯೇ ಎಂದು ಕೇಳಿದೆವು. "ಪಶ್ಚಾತ್ತಾಪ ನನಗ್ಯಾಕ್ರೀ? ನಾ ಖರೇ ಬರದೀನಿ. ನಾ ಹೊಲೆಯರಾಕಿ ಅನ್ನೂದೂ ಖರೇನ. ಅದನ್ನ ಬರಿಯಾಕ ಜಾಗಾ ಅವರು ಕೊಡ್ಲಿಲ್ಲ" ಅಂದಳು.

ಇಡೀ ಸಮಸ್ಯೆ ಅವಳ ಕೊನೆಯ ಮಾತಿನಲ್ಲಿದೆ. ಅವಳ ಬದುಕಿನಲ್ಲಿ ಎರಡು ಸತ್ಯಗಳಿವೆ. ಅವಳು ಕ್ರಿಸ್ತನನ್ನು ನಂಬಿದವಳು. ಊರ ಕಣ್ಣಿನಲ್ಲಿ ಅವಳು ಹೊಲೆಯರ ಹುಡುಗಿ. ದೀಕ್ಷಾಸ್ನಾನದ ನೀರಿಗೆ ಜಾತಿ ತೊಳೆದುಹೋಗುತ್ತದೆ ಎಂದು ಕಾಯ್ದೆ ನಂಬಿದೆ. ಪಾದ್ರಿಗಳೂ ಅಷ್ಟು ನಂಬುವುದಿಲ್ಲ! ಹೋಟೆಲ್ಲಿನವನು ನಂಬಿಲ್ಲ, ಮನೆ ಬಾಡಿಗೆ ಕೊಡುವವನು ನಂಬಿಲ್ಲ, ಹೆಣ್ಣು ಕೊಡುವವನು ನಂಬಿಲ್ಲ. ಒಂದು ಸತ್ಯ ಹೇಳಬೇಕಾದರೆ ಇನ್ನೊಂದು ಸತ್ಯ ನುಂಗು ಅನ್ನುವ ಕಾಲಮ್ಮು ಮಾಡಿಟ್ಟು, ಆಮೇಲೆ ನುಂಗಿದವನನ್ನು ಮೋಸಗಾರ ಅನ್ನುವುದು ಯಾವ ನ್ಯಾಯ?

ಸಭೆಗಳಲ್ಲಿ ಈ ಮಾತು ಬಂದಾಗಲೆಲ್ಲ ಪೇತ್ರನ ಕತೆ ತೆಗೆಯುತ್ತಾರೆ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ಕೋಳಿ ಕೂಗುವುದರೊಳಗೆ ಮೂರು ಸಲ ಯೇಸುವನ್ನು ಅರಿಯೆನೆಂದ ಪೇತ್ರ. ನೀವೂ ತಹಶೀಲ್ದಾರ ಕಚೇರಿಯಲ್ಲಿ ಹಾಗೇ ಅನ್ನುತ್ತೀರಿ ಎಂದು ಗದರುತ್ತಾರೆ. ಕತೆಯನ್ನು ಪೂರ್ತಿ ಓದಬೇಕು. ಆ ಅಂಗಳ ಯಾರದು? ಕೈಗೆ ಹಗ್ಗ ಕಟ್ಟಿ ಯೇಸುವನ್ನು ಒಳಗೆ ಎಳೆದುಕೊಂಡು ಹೋದವರು ಯಾರು? ಪೇತ್ರ ಮೀನು ಹಿಡಿಯುವವನು, ಹಳ್ಳಿಯವನು, ಮಾತಿನ ಧಾಟಿಯಿಂದಲೇ ಅವನನ್ನು ಗುರುತಿಸಿದರು. ನಮ್ಮನ್ನೂ ಹಾಗೇ ಗುರುತಿಸುತ್ತಾರೆ. ಆ ರಾತ್ರಿ ಅಂಜಿದ ಪೇತ್ರ ಅತ್ತ, ಅವನ ಅಳು ಎರಡು ಸಾವಿರ ವರ್ಷದಿಂದ ಪ್ರಸಂಗವಾಗಿದೆ. ಅಂಜಿಸಿದ ಮಹಾಯಾಜಕ ಅತ್ತದ್ದು ಎಲ್ಲೂ ಬರೆದಿಲ್ಲ. ನಮ್ಮ ನಾಡಿನ ಮಹಾಯಾಜಕರೂ ಇನ್ನೂ ಅತ್ತಿಲ್ಲ.

ಇನ್ನು ಸಭೆಯ ಒಳಗಿನ ಮಾತು. ಕ್ರಿಸ್ತನಲ್ಲಿ ಭೇದವಿಲ್ಲ ಎಂದು ಪೀಠದಿಂದ ಸಾರುವ ಕಡೆಯಲ್ಲೇ ಮದುವೆಯ ಮಾತು ಬಂದಾಗ ಹೊಲೆಯ ಕ್ರೈಸ್ತ, ಮಾದಿಗ ಕ್ರೈಸ್ತ ಎಂದು ಎರಡು ಓಣಿಯಾಗುತ್ತದೆ. ಮೇಲುಜಾತಿಯಿಂದ ಬಂದ ಮನೆತನವಾದರೆ ಅದನ್ನು ನೂರು ವರ್ಷದ ಮೇಲೂ ಹೆಮ್ಮೆಯಿಂದ ಹೇಳುತ್ತಾರೆ. ಮಿಶನ್ನಿನ ದೊಡ್ಡ ಸಾಲೆ, ದವಾಖಾನೆ ಪೇಟೆಯಲ್ಲಿ ಎದ್ದವು, ಅಲ್ಲಿ ಓದಿ ಮೇಲೆ ಹೋದವರಲ್ಲಿ ಊರ ಉಳ್ಳವರ ಮಕ್ಕಳೇ ಬಹಳ. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಬಾಬಾಸಾಹೇಬರು ಬರೆದಿಟ್ಟ ಬರಹಗಳು ಅವರು ತೀರಿದ ಎಷ್ಟೋ ವರ್ಷಗಳ ಮೇಲೆ ಅಚ್ಚಾದವು. ಮಿಶನರಿಗಳು ಮಾಡಿದ ಸೇವೆಯನ್ನು ಅವರು ಅಲ್ಲಗಳೆಯಲಿಲ್ಲ. ಜಾತಿಯನ್ನು ಒಳಗೆ ಬಿಟ್ಟುಕೊಂಡದ್ದನ್ನು ಬಿಡಲೂ ಇಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅಧ್ಯಾಪಕ ಅರವಿಂದ ನಿರ್ಮಲ್ ಎದ್ದು ನಿಂತು, ಇಲ್ಲಿಯ ಕ್ರೈಸ್ತರಲ್ಲಿ ದೊಡ್ಡ ಪಾಲು ನಾವು, ಇಲ್ಲಿಯ ದೇವಶಾಸ್ತ್ರದಲ್ಲಿ ಮಾತ್ರ ನಾವಿಲ್ಲ ಎಂಬ ಪ್ರಶ್ನೆ ಎತ್ತಿದರು. ದಲಿತ ದೇವಶಾಸ್ತ್ರ ಎಂಬುದಕ್ಕೆ ದಾರಿಯಾದದ್ದು ಅದೇ. ಬೂಸಾ ಪ್ರಕರಣದ 1973ರಿಂದ ಕನ್ನಡದಲ್ಲಿ ಎದ್ದ ದಲಿತ ದನಿಯೂ, ಈ ದನಿಯೂ ಒಂದೇ ನಾಡಿನಲ್ಲಿ ಒಂದೇ ಕಾಲಕ್ಕೆ ಇದ್ದವು. ಒಂದರ ಕಿವಿಗೆ ಇನ್ನೊಂದು ಸರಿಯಾಗಿ ಬೀಳಲಿಲ್ಲ.

ಅದಕ್ಕೇ ಚಳವಳಿಯ ಗೆಳೆಯರಿಗೂ ಎರಡು ಮಾತು. ಬಾಬಾಸಾಹೇಬರು 1925ರಲ್ಲಿ ನಮ್ಮ ಹುಕ್ಕೇರಿಯ ಆಚೆ ನಿಪ್ಪಾಣಿಗೆ ಬಂದಾಗ ಬಹಿಷ್ಕೃತರನ್ನೆಲ್ಲ ಒಟ್ಟಿಗೆ ಕರೆದರು. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಹಿಂದೂ ಧರ್ಮ ಬಿಟ್ಟದ್ದು ಅವರಲ್ಲಿ ಬಂಡಾಯವಾದರೆ, ನಮ್ಮ ಮುತ್ತಜ್ಜಿಯಲ್ಲಿ ಹೊಟ್ಟೆಪಾಡು ಹೇಗಾಗುತ್ತದೆ? ಇರುವ ಪಾಲೇ ಸಣ್ಣದು, ನೀವೂ ಬಂದರೆ ನಮಗೇನು ಉಳಿದೀತು ಎಂಬ ಅಂಜಿಕೆ ನಮ್ಮ ಅಣ್ಣತಮ್ಮಂದಿರಲ್ಲಿ ಇದೆ. ಅದು ಸುಳ್ಳು ಅಂಜಿಕೆಯಲ್ಲ. 2025ರ ಆಗಸ್ಟ್‌ನಲ್ಲಿ ಶೇಕಡಾ 17ನ್ನು 6, 6, 5 ಎಂದು ಹಂಚಲು ಸರಕಾರ ತೀರ್ಮಾನಿಸುವ ಮುಂಚೆ ಎಷ್ಟು ವರ್ಷ ಬೀದಿಯಲ್ಲಿ ಕೂತಿದ್ದರು ಎಂದು ನಾವು ಬಲ್ಲೆವು. ಆದ್ದರಿಂದ ನಾವು ಯಾರ ತಾಟಿಗೂ ಕೈ ಹಾಕುತ್ತಿಲ್ಲ. ನಮ್ಮನ್ನು ಲೆಕ್ಕ ಹಿಡಿಯಿರಿ, ನಮ್ಮ ಲೆಕ್ಕದಷ್ಟು ಪಾಲು ಹೆಚ್ಚಿಸಿ ಸೇರಿಸಿಕೊಳ್ಳಿರಿ ಎಂದು ಒಟ್ಟಿಗೆ ಕೇಳೋಣ ಅನ್ನುತ್ತಿದ್ದೇವೆ.

ಲೆಕ್ಕಕ್ಕೂ ಅಂಜುವವರಿದ್ದಾರೆ. 2025ರ ಸಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆಗೆ ಹೊರಟಾಗ ಅದರ ಪಟ್ಟಿಯಲ್ಲಿ ಜಾತಿಯ ಹೆಸರಿಗೆ ಕ್ರೈಸ್ತ ಎಂದು ಕೂಡಿಸಿದ ಹೆಸರುಗಳಿದ್ದವು. ಜಾತಿ ಒಡೆಯುತ್ತಾರೆ, ಮತಾಂತರಕ್ಕೆ ಕುಮ್ಮಕ್ಕು ಕೊಡುತ್ತಾರೆ ಎಂದು ಗದ್ದಲವೆದ್ದಿತು. ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿದರು. ಹೇಳುವವರು ತಾವಾಗಿ ಹೇಳಬಹುದು ಎಂದರು. ಇದಕ್ಕೆ ಮೊದಲು 2022ರಲ್ಲಿ ಮತಾಂತರದ ಕಾನೂನು ಬಂದಿತ್ತು. ಅದರಂತೆ ಮನಸ್ಸಿನ ನಂಬಿಗೆ ಬದಲಾದರೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರು ಅದನ್ನು ನೋಟೀಸು ಬೋರ್ಡಿಗೆ ಹಚ್ಚಿ ಯಾರದಾದರೂ ತಕರಾರು ಇದೆಯೇ ಎಂದು ಕೇಳಬೇಕು. ನಂಬಿಗೆಯ ಅರಿಕೆಯನ್ನು ದೇವರ ಮುಂದಿನಿಂದ ಎತ್ತಿ ಕಚೇರಿಯ ಗೋಡೆಗೆ ಅಂಟಿಸುವ ಕೆಲಸ ಇದು. 2023ರ ಜೂನಿನಲ್ಲಿ ಸಚಿವ ಸಂಪುಟ ಅದನ್ನು ಹಿಂತೆಗೆಯುವ ತೀರ್ಮಾನ ಮಾಡಿತು. ಆದರೆ ಹಳ್ಳಿಯಲ್ಲಿ ಕಾನೂನಿಗಿಂತ ಅದು ಬಿತ್ತಿದ ಅಂಜಿಕೆಯ ಬಾಳಿಕೆ ಹೆಚ್ಚು.

ಅಂಜಿಕೆ ಕಳೆಯುವ ದಾರಿ ಯಾವುದು? ನಮ್ಮ ಕಣ್ಣ ಮುಂದೆಯೇ ಒಂದು ಪಾಠವಿದೆ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ 1997ರಲ್ಲಿ ಶುರುವಾಯಿತು. ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ ಕೂಡಿ ನಡೆಸುವ ಸಂಘಟನೆ ಅದು. ಊರು ಯಾವ ಹೆಸರನ್ನು ಬೈಗುಳ ಮಾಡಿತ್ತೋ ಆ ಹೆಸರನ್ನು ಅವರು ಮುಚ್ಚಿಡಲಿಲ್ಲ. ಹೌದು, ನಮ್ಮನ್ನ ಬಿಟ್ಟಿದ್ರು, ಇನ್ನ ಯಾರನ್ನೂ ಬಿಡಗೊಡಾಂಗಿಲ್ಲ ಎಂದು ಗುಂಪಾಗಿ ನಿಂತರು. ಒಬ್ಬಳೇ ಹೇಳಿದ್ದರೆ ಅದು ಅವಳ ನಾಚಿಕೆಯಾಗಿ ಉಳಿಯುತ್ತಿತ್ತು. ಸಾವಿರ ಮಂದಿ ಹೇಳಿದಾಗ ನಾಚಿಕೆ ಓಣಿ ಬಿಟ್ಟು ವಾಡೆಯ ಕಡೆ ನಡೆಯಿತು. ಸತ್ಯಕ್ಕೆ ಈ ಗುಣವಿದೆ. ಒಂಟಿಯಾಗಿ ಹೇಳಿದವನನ್ನು ಅದು ಸುಡುತ್ತದೆ. ಕೂಡಿ ಹೇಳಿದರೆ ಕತ್ತಲೆ ಮಾಡಿದವನನ್ನು ತೋರಿಸುತ್ತದೆ.

ಹಾಗಾಗಿ ಮೂಡಲಗಿಯ ಆ ಹುಡುಗಿಯ ಖರೇತನವನ್ನು ಹೊಗಳಿ ಕೈತೊಳೆದುಕೊಳ್ಳುವುದು ಸಾಲದು. ಹುಕ್ಕೇರಿಯ ಆ ತಾಯಿಯನ್ನು ಬಹಿಷ್ಕರಿಸುವುದಂತೂ ಕ್ರಿಸ್ತನ ಕೆಲಸವಲ್ಲ. ಬಡವನೊಬ್ಬನೇ ಪ್ರಾಮಾಣಿಕನಾಗಿ ಬೆಲೆ ತೆರಬೇಕು, ವ್ಯವಸ್ಥೆ ಸುಳ್ಳಾಗಿ ಉಳಿಯಬಹುದು ಅನ್ನುವುದಾದರೆ ಅದು ನಂಬಿಗೆಯಲ್ಲ, ಜೀತ. ಸಭೆಯ ರಿಜಿಸ್ಟರಿಗೂ ತಲಾಟಿಯ ಪುಸ್ತಕಕ್ಕೂ ನಡುವೆ ಇರುವ ಸುಳ್ಳು ನಮ್ಮ ಮಕ್ಕಳ ಎದೆಯಲ್ಲಿ ಹುಟ್ಟಿದ್ದಲ್ಲ, 1950ರಲ್ಲಿ ಅಚ್ಚಾದದ್ದು.

ಅರಿಕೆ ಹೇಗಿರಬೇಕು ಎಂದು ತಿಳಿಯಬೇಕಾದರೆ ಜಕ್ಕಾಯನನ್ನು ನೋಡಬೇಕು. ಸುಂಕದವರ ಮುಖ್ಯಸ್ಥ, ಬಡವರನ್ನು ಹಿಂಡಿ ಸಾವ್ಕಾರನಾದವನು. ಯೇಸು ಅವನ ಮನೆಗೆ ಹೋದ ದಿನ ಅವನು ಮೊಣಕಾಲೂರಿ ಅಳಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಸತ್ಯವೇದದಲ್ಲಿ ಉಳ್ಳವನ ಅರಿಕೆಗೆ ಇರುವ ಅಳತೆ ಇದು. ನಮ್ಮ ಹಿರಿಯರ ಬಿಟ್ಟಿ ಚಾಕರಿಯ ಲೆಕ್ಕ, ಕೈತಪ್ಪಿದ ವತನದ ಹೊಲದ ಲೆಕ್ಕ, ಗುಡ್ಡಕ್ಕೆ ಬಿಟ್ಟ ಹೆಣ್ಣುಮಕ್ಕಳ ಲೆಕ್ಕ ಇನ್ನೂ ಯಾವ ವಾಡೆಯೂ ಎದ್ದು ನಿಂತು ಹೇಳಿಲ್ಲ.

ಗೆಳೆಯರೇ, ಮಾಸ್ತರರೇ, ನಿಮ್ಮ ಸಾಲೆಗೆ ನಮ್ಮ ಮಗು ಬಂದಾಗ ಅದರ ಎರಡೂ ಹೆಸರನ್ನು ಕೂಗಿರಿ. ನಗಬೇಡಿರಿ, ಪತ್ತೇದಾರಿಕೆ ಮಾಡಬೇಡಿರಿ. ಪಾದ್ರಿಗಳೇ, ಪೀಠದಿಂದ ಬಡವನ ಸರ್ಟಿಫಿಕೇಟಿನ ಪಾಪ ಹೇಳುವ ಮುಂಚೆ ಸಭೆಯ ಮದುವೆ ರಿಜಿಸ್ಟರು ತೆಗೆದು ಓದಿರಿ. ಚಳವಳಿಯವರೇ, ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ 3ನೆಯ ಪ್ಯಾರಾ ತೆಗೆಯಿರಿ ಎಂಬ ಒಂದು ಸಾಲು ಸೇರಿಸಿರಿ. ನಮ್ಮ ಪಾಪಗಳನ್ನು ನಾವು ದೇವರ ಮುಂದೆ ಅರಿಕೆ ಮಾಡುತ್ತೇವೆ, ಅದು ನಮಗೆ ಗೊತ್ತಿರುವ ಕೆಲಸ. ಊರು, ಕಚೇರಿ, ಕೋರ್ಟು, ಮಠ, ಚರ್ಚು ಇವುಗಳ ಸರದಿ ಇನ್ನೂ ಬಾಕಿ ಇದೆ. ಟವೆಲ್ಲು ಕಂಕುಳಿಂದ ತೆಗೆದು ಹೆಗಲಿಗೆ ಹಾಕಿಕೊಂಡಿದ್ದೇವೆ. ನಿಂತು ಕೇಳಲಿಕ್ಕೆ ತಯಾರಿದ್ದೇವೆ.